ರೆಕ್ಕೆಗೆ ಜೋಳದ ಗಂಜಿ

ಬಂಕಾಪುರ
12 ಫೆಬ್ರುವರಿ 1946

ನನ್ನ ಮುದ್ದಿನ ತಮ್ಮ ನೀಲಪ್ಪನಿಗೆ ಅಕ್ಕ ಶಾರವ್ವನ ಮನಸಾರೆ ಆಶೀರ್ವಾದ.

ಹೇಗಿದ್ದೀ? ಗಾಯ ಒಣಗಿತೇ? ಪುಣೆಯ ಮಿಲಿಟರಿ ಆಸ್ಪತ್ರೆಯಲ್ಲಿ ರೊಟ್ಟಿ ಕೊಡುತ್ತಾರೋ, ಬರೀ ಬ್ರೆಡ್ಡೋ? ಇಲ್ಲಿ ಅವ್ವ ಆರಾಮಿದ್ದಾಳೆ, ಕಣ್ಣು ಮಾತ್ರ ಮಂಜು. ನಾನೂ ಆರಾಮಿದ್ದೇನೆ, ಆದರೆ ನಿನ್ನ ಮೇಲೆ ಕೆಂಡದಂಥ ಸಿಟ್ಟಿದೆ. ಬಲಗೈ ಹೋಯಿತೆಂದು ಬರೆಸಿದೆ, ಅತ್ತೆವು. ಅದರ ಕೆಳಗೇ ‘ಒಂದ ಕೈಯಾಂವ ಯಾತರ ಮೇಸ್ತ್ರಿ? ನಾ ಇನ್ನ ಊರಿಗೆ ಬರಂಗಿಲ್ಲ, ವಿಮಾನ ಗುಜರಿಗೆ ಹಾಕಿಬಿಡು’ ಎಂದೂ ಬರೆಸಿದೆಯಲ್ಲ, ನಾಚಿಕೆಯಾಗಬೇಕು ನಿನಗೆ. ಅವ್ವನಿಗೆ ಓದಿ ಹೇಳಿದೆ. ‘ಕೈ ಹೋದ್ರ ಹೋಗ್ಲಿ, ನನ್ನ ಮಗ ಬರ್ಲಿ’ ಎಂದು ಸೆರಗನ್ನು ಬಾಯಿಗೆ ಹಚ್ಚಿಕೊಂಡು ಕುಳಿತಳು. ಅಂದು ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ.

ವಿಮಾನವನ್ನು ಗುಜರಿಗೆ ಹಾಕಿಲ್ಲ, ಹಾಕುವುದೂ ಇಲ್ಲ. ದುಂಡಸಿಯ ಎರೆಹೊಲದಲ್ಲಿ ಬಿದ್ದಿದ್ದ ಅದನ್ನು ಹಾರಿಸುತ್ತಿದ್ದ ಸಾಹೇಬನಿಂದಲೇ ಕೊಂಡು, ಚಕ್ಕಡಿಯ ಮೇಲೆ ಹೇರಿಕೊಂಡು ನೀನು ಬಂದ ದಿನ ಊರೆಲ್ಲ ನಕ್ಕಿತ್ತು. ಆದರೂ ದಂಡಿಗೆ ಹೋಗುವ ಮುಂಚೆ ಎಂಜಿನ್ನು, ಕಟ್ಟಿಗೆಯ ಪಕ್ಕೆಲುಬು ಎಲ್ಲ ನೆಟ್ಟಗೆ ಮಾಡಿದ್ದೆ. ರೆಕ್ಕೆಗೆ ಬಟ್ಟೆ ಹೊದಿಸುವುದಷ್ಟೇ ಉಳಿದಿತ್ತು. ಊರವರ ಕುಪ್ಪಸ ಹೊಲಿಯುವವಳಿಗೆ ಬಟ್ಟೆಯ ಕೆಲಸ ಬಾರದೇ ಎಂದುಕೊಂಡು ನಿನ್ನ ಮೋಟಾರು ಶೆಡ್ಡಿನ ಕೀಲಿ ತೆಗೆದೆ.

ಮುಂದಿನದನ್ನು ಓದಿ ನಗಬೇಡ. ಬೇಡ, ನಕ್ಕುಬಿಡು, ನೀನು ನಕ್ಕು ಬಹಳ ದಿನವಾಗಿರಬೇಕು. ಬಟ್ಟೆ ಬಿಗಿಯಾಗಬೇಕೆಂದು ನೀನೇ ಹೇಳಿದ್ದೆಯಲ್ಲ, ಅವ್ವ ‘ಗಂಜಿ ಹಾಕವ್ವಾ’ ಎಂದಳು. ಸೀರೆಗೆ ಹಾಕುವ ಹಾಗೆ ಜೋಳದ ಗಂಜಿ ಕಾಯಿಸಿ, ಹೊದಿಸಿದ ಬಟ್ಟೆಗೆ ಬಳಿದು, ರೆಕ್ಕೆಯನ್ನು ಅಂಗಳದ ಬಿಸಿಲಿಗೆ ಇಟ್ಟೆವು. ಆಹಾ, ಎಂಥ ಬಿಗಿ ಅಂತೀ! ಪಕ್ಕದ ಮನೆಯ ಗೋಣೆಪ್ಪನ ಆಡುಗಳಿಗೆ ಗಂಜಿಯ ರುಚಿ ಹತ್ತಿತು ನೋಡು, ರೆಕ್ಕೆಯ ತುದಿಯ ಬಟ್ಟೆಯನ್ನೇ ತಿಂದುಹಾಕಿದವು. ಆಡಿಗೆ ಬೈಯಲೋ, ಅವ್ವನಿಗೆ ಬೈಯಲೋ? ಪೇಟೆಯ ಟೇಲರ್ ದಸ್ತಗೀರಸಾಬರು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ತಂಗೀ, ಇದು ಸೀರಿ ಅಲ್ಲವ್ವಾ. ನಿನ್ನ ತಮ್ಮ ಹುಬ್ಬಳ್ಳಿಯಿಂದ ತಂದ ಬಟ್ಟಿ ಬಿಗಿ ಮಾಡೋ ಬಣ್ಣದ ಡಬ್ಬಿ ಮೂಲ್ಯಾಗ ಅದಾವ ನೋಡು’ ಎಂದು ತಾವೇ ಎತ್ತಿ ತಂದರು. ಹೊಸ ಬಟ್ಟೆ ಹೊದಿಸಿ ಆ ಬಣ್ಣ ಬಳಿದೆವು. ಶೆಡ್ಡೆಲ್ಲ ಮಾಗಿದ ಬಾಳೆಹಣ್ಣಿನ ವಾಸನೆ. ಬಟ್ಟೆ ಈಗ ಚರ್ಮದ ಹಾಗೆ ಬಿಗಿದುಕೊಂಡಿದೆ.

ಹೊತ್ತಿಗೆ ಸರಿಯಾಗಿ ಉಣ್ಣು, ಡಾಕ್ಟರರ ಜೊತೆ ಜಗಳಾಡಬೇಡ. ಅವ್ವ ನಿನ್ನ ತಲೆ ಸವರಿದಳೆಂದು ತಿಳಿ. ದಸ್ತಗೀರಸಾಬರು ಸಲಾಂ ಹೇಳಿದ್ದಾರೆ.

ನಿನ್ನ ಅಕ್ಕ,
ಶಾರವ್ವ

ತಾ.ಕ.: ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ. ಬಟ್ಟೆಯನ್ನು ಪಕ್ಕೆಲುಬಿಗೆ ಹೊಲಿಯುವುದು ಇನ್ನೂ ಇದೆ. ರೆಕ್ಕೆಯನ್ನು ನಿಲ್ಲಿಸಿ, ಈ ಕಡೆಯವರು ಉದ್ದ ಸೂಜಿ ಚುಚ್ಚಿದರೆ ಆ ಕಡೆಯವರು ಎಳೆದುಕೊಂಡು ತಿರುಗಿ ಚುಚ್ಚಬೇಕು, ಒಬ್ಬಳಿಂದ ಆಗದು. ನಿನ್ನೆ ದಸ್ತಗೀರಸಾಬರನ್ನು ಈ ಕಡೆ ನಿಲ್ಲಿಸಿ, ನನ್ನ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಸಿಕೊಂಡು ನಾನು ಆ ಕಡೆ ನಿಂತೆ. ಒಂದು ಸಾಲು ಪೂರಾ ಹೊಲಿದೆವು. ಎಡಗೈ ಒಂದೇ ಸಾಕಾಯಿತು, ತಮ್ಮಾ. ಉಳಿದ ಸಾಲುಗಳನ್ನು ಹಾಗೇ ಬಿಟ್ಟಿದ್ದೇನೆ. ಯಲವಿಗಿ ಸ್ಟೇಷನ್ನಿಗೆ ಚಕ್ಕಡಿ ಯಾವತ್ತು ಕಳಿಸಲಿ?