ಮಾವನ ಕಿವಿಗೆ ಬಿದ್ದ ಕಿಡಿ

ಮಾರ್ಚ್ 3, ಭಾನುವಾರ, ಸಂಜೆ

ಇವತ್ತೂ ಇಲ್ಲ. ಬ್ಯಾಟರಿ ಸರಿ ಇದೆ. ಕಾಯಿಲ್ ಗುಜರಿ ಸ್ಕೂಟರಿನದು, ಆದರೂ ಬೆರಳಿಗೆ ಹೊಡೆದ ಏಟು ನೋಡಿದರೆ ಜೀವ ಇದ್ದೇ ಇದೆ. ಕಿಡಿ ಮಾತ್ರ ಬರಲೊಲ್ಲದು. ಎರಡು ಹಿತ್ತಾಳೆ ಸ್ಕ್ರೂ ಮೂತಿಗೆ ಮೂತಿ ಇಟ್ಟು, ಹತ್ತಿರ ತಂದು, ದೂರ ಸರಿಸಿ... ಜಗಳವಾಡಿದ ಗಂಡಹೆಂಡಿರ ಹಾಗೆ ಸುಮ್ಮನೆ ನಿಂತಿವೆ.

ನಡುಮನೆಯಿಂದ ಮಾವ ಕೂಗಿದರು. "ಏನೇ ಅದು, ಸುಟ್ಟ ವಾಸನೆ?"

"ಏನಿಲ್ಲ ಮಾವ!"

"ಏನಿಲ್ಲದೆ ವಾಸನೆ ಬರುತ್ತಾ?"

ಅಮ್ಮನ ತಮ್ಮ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವರು. ಆಯುಷ್ಯವೆಲ್ಲ ಟಾಕೀಸಿನ ಪ್ರೊಜೆಕ್ಟರ್ ಪಕ್ಕದಲ್ಲಿ ಕಳೆದು ಕಿವಿ ಮಂದ ಮಾಡಿಕೊಂಡರು, ಈಗ ಕಿವಿಗೆ ಮಿಷನ್ನು ಹಾಕುತ್ತಾರೆ. ಮೂಗು ಮಾತ್ರ ನಾಯಿ ಮೂಗು.

ರಾತ್ರಿಯೂಟಕ್ಕೆ ಮೊದಲು — ಬಂತು! ಬಟನ್ ಒತ್ತಿದರೆ ಚರ್ರ್ ಅಂತ ನೀಲಿ ಕಿಡಿ. ಜೆರಾಕ್ಸ್ ಅಂಗಡಿಯ ವಾಸನೆ.

ಮಾರ್ಚ್ 4, ಸೋಮವಾರ

ಹಗಲೆಲ್ಲ ಕನ್ನಡಕದ ಗಾಜು ಉಜ್ಜುವವಳಿಗೆ ಇದೆಲ್ಲ ಯಾಕೆ? ಲೈಬ್ರರಿ ಪುಸ್ತಕದ ಒಂದು ಸಾಲಿನಿಂದ ಶುರುವಾದ ಕಾಟ. ರೇಡಿಯೋ ಅಲೆಯೂ ಬೆಳಕಿನ ಜಾತಿಯದೇ, ಉದ್ದ ಮಾತ್ರ ಬೇರೆ, ಅಂತ. ಹಾಗಾದರೆ ನಾನು ದಿನಾ ಗಾಜಿನಲ್ಲಿ ಬಗ್ಗಿಸುವ ಬೆಳಕು ಇದರ ತಂಗಿಯೇ ತಾನೆ! ಅಕ್ಕನ ಮುಖವನ್ನೂ ನೋಡಬೇಕು ಅನ್ನಿಸಿತು.

ಆದರೆ ನಿನ್ನೆ ಕಂಡದ್ದು ಅಕ್ಕನಲ್ಲವಂತೆ. ಮುಂದಿನ ಪುಟದಲ್ಲಿ ಬರೆದಿದ್ದಾನೆ: ಕಣ್ಣಿಗೆ ಕಾಣುವ ಕಿಡಿ ರೇಡಿಯೋ ಅಲೆಯಲ್ಲ. ಮತ್ತೆ ಅಲೆ ಎಲ್ಲಿದೆ? ಕಿಡಿ ಯಾತಕ್ಕೆ? ತಲೆ ಗೊಜ್ಜಾಯಿತು.

ಮಾರ್ಚ್ 5, ಮಂಗಳವಾರ

ಕೆಲಸ ಮುಗಿಸಿ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ, ಕಿಡಿ ಯಾತಕ್ಕೆ ಅಂತ ಕೇಳಿದೆ. ಅಂಗಡಿಯಾತ ಫ್ಯಾನಿಗೆ ತಂತಿ ಸುತ್ತುತ್ತಲೇ ಮಾತಾಡಿದ.

"ಜೋಕಾಲಿ ಹಿಂದಕ್ಕೆ ಎಳೆದು ಹಿಡ್ಕೊಂಡಿದ್ದೀರಿ ಅಂದ್ಕೊಳಿ ಮೇಡಂ. ಕಿಡಿ ಅಂದ್ರೆ ಕೈ ಬಿಟ್ಟಿದ್ದು. ಅಷ್ಟೇ. ಆಮೇಲೆ ಜೋಕಾಲಿ ತಾನೇ ಆಡುತ್ತೆ, ಆಡ್ತಾ ಆಡ್ತಾ ನಿಲ್ಲುತ್ತೆ. ಆ ಆಟಾನೇ ಅಲೆ."

"ಇಲ್ಲಿ ಜೋಕಾಲಿ ಯಾವುದು?"

"ಒಂದು ಗಾಜಿನ ಬಾಟಲಿ ತಗೊಳಿ. ಒಳಗೂ ಹೊರಗೂ ತಗಡಿನ ಕಾಗದ ಅಂಟಿಸಿ. ಅದರಲ್ಲಿ ಕರೆಂಟು ತುಂಬ್ಕೊಳ್ಳುತ್ತೆ. ತುಂಬಿ ತಡೀಲಾರ್ದೆ ಸ್ಕ್ರೂ ಮಧ್ಯೆ ಹಾರುತ್ತೆ. ಹಾರಿದ್ದೇ ದಾರಿ ಆಯ್ತು. ತಂತಿ ಸುರುಳಿ ಒಳಗೆ ಹಾದು ಆ ಕಡೆ ನುಗ್ಗುತ್ತೆ, ಜಾಸ್ತಿ ನುಗ್ಗಿ ವಾಪಸ್ ಬರುತ್ತೆ, ಮತ್ತೆ ಆ ಕಡೆ... ಕಣ್ಣು ಮಿಟುಕಿಸೋದ್ರಲ್ಲಿ ಎಷ್ಟು ಸಲವೋ."

"ಯಾಕೆ ಜಾಸ್ತಿ ನುಗ್ಗುತ್ತೆ?"

ತಲೆ ಕೆರೆದುಕೊಂಡ. "ಅದು ನಂಗೂ ಸರಿಯಾಗಿ ಗೊತ್ತಿಲ್ಲ ಕಣ್ರೀ. ಆದ್ರೆ ಒಂದು ಮಾತು, ಮೇಲೆ ಏರಿಯಲ್ ತಂತಿ ಗಿಂತಿ ಕಟ್ಟಬೇಡಿ. ಇದಕ್ಕೆ ಒಂದು ಸ್ಟೇಷನ್ನು ಅಂತಿಲ್ಲ, ಎಲ್ಲರ ಮನೆಗೂ ಒಟ್ಟಿಗೆ ನುಗ್ಗೋ ಪೋಕರಿ. ಅದಕ್ಕೇ ಯಾವಾಗಲೋ ನಿಷೇಧ ಮಾಡಿದ್ದಾರೆ. ಟೇಬಲ್ ಮೇಲೆ, ಒಂದೆರಡು ಚಿಟಿಕೆ ಹೊಡೆಯೋಷ್ಟು ಹೊತ್ತು. ಸಾಕು."

ಅರ್ಥವಾದ ಹಾಗೂ ಇದೆ, ಆಗದ ಹಾಗೂ ಇದೆ.

ಮಾರ್ಚ್ 8, ಶುಕ್ರವಾರ

ಬಾಟಲಿ, ಸುರುಳಿ ಜೋಡಿಸಿದೆ. ಕಿಡಿ ಈಗ ದಪ್ಪ, ಬೆಳ್ಳಗೆ. ಆದರೆ ಅಲೆ ಹೊರಟಿತು ಅಂತ ಹೇಳುವವರು ಯಾರು? ಹಿಡಿಯುವುದಕ್ಕೆ ಬೇರೆ ಯಂತ್ರ ಬೇಕು. ಗಾಜಿನ ಕೊಳವೆಯಲ್ಲಿ ಅರದಿಂದ ಉಜ್ಜಿ ತೆಗೆದ ಕಬ್ಬಿಣದ ಪುಡಿ. ಅಲೆ ತಾಗಿದರೆ ಪುಡಿ ಒಂದಕ್ಕೊಂದು ಅಂಟಿಕೊಂಡು ಕರೆಂಟಿಗೆ ದಾರಿ ಬಿಡುತ್ತದಂತೆ, ಬಲ್ಬ್ ಹತ್ತುತ್ತದಂತೆ. ಆಮೇಲೆ ತಟ್ಟಿ ಬಿಡಿಸಬೇಕಂತೆ.

ನನ್ನದು ಹತ್ತಲೇ ಇಲ್ಲ. ಪುಡಿ ಒತ್ತಾಗಿ ತುಂಬಿ ನೋಡಿದೆ — ಆಗ ಆರಲೇ ಇಲ್ಲ!

ಮಾವ ಬಾಗಿಲಲ್ಲಿ ನಿಂತು, "ಪಕ್ಕದ ಮನೇಲಿ ಗೋಡೆ ಕೊರೀತಿದ್ದಾರೇನೇ?" ಅಂದರು.

"ಇಲ್ವಲ್ಲ."

"ಹೌದಾ" ಅಂದು ಹೋದರು. ನಾನು ಪುಡಿಯಲ್ಲೇ ಮುಳುಗಿದ್ದೆ.

ಮಾರ್ಚ್ 10, ಭಾನುವಾರ

ಬಲ್ಬ್ ಇಲ್ಲ. ಬೇರೆ ಅರ ತಂದು ಹೊಸ ಪುಡಿ. ಇಲ್ಲ. ಮಾವನನ್ನು ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು.

ಮಾರ್ಚ್ 19, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಸಂಜೆಯೆಲ್ಲ ಒತ್ತುವುದು, ಬಲ್ಬ್ ನೋಡುವುದು, ಬೈದುಕೊಳ್ಳುವುದು.

ಇವತ್ತು ಮಾವ ನನ್ನನ್ನು ಕೂರಿಸಿಕೊಂಡರು. ಮಡಿಲಲ್ಲಿ ಟಾಕೀಸಿನ ಹಳೇ ಪ್ರೊಜೆಕ್ಟರಿನ ಲೆನ್ಸ್. ಮುಟ್ಟಲು ಯಾರಿಗೂ ಬಿಡದೆ ಇದ್ದದ್ದು.

"ತಗೋ. ಬುದ್ಧಿ ನೆಟ್ಟಗಿರೋವಾಗಲೇ ಕೊಟ್ಟುಬಿಡ್ತೀನಿ."

"ಏನು ಮಾವ ಹೀಗೆಲ್ಲ ಮಾತು?"

"ನಿನ್ನಜ್ಜಿ ಕೊನೇಲಿ ಗೋಡೆಯೊಳಗೆ ಹುಳ ಹರಿದಾಡ್ತಿದೆ ಅಂತಿದ್ಲು, ಕೇಳಿದ್ದೀಯಲ್ಲ. ನಂಗೂ ಶುರುವಾಗಿದೆ. ಚರ್... ಚರ್ ಅಂತ, ತಲೆಯೊಳಗೇ. ಡಾಕ್ಟರ ಹತ್ರ ಹೋಗಿದ್ದೆ, ನಿಂಗೆ ಹೇಳ್ಲಿಲ್ಲ. ಕಿವೀಲಿ ಏನೂ ಇಲ್ಲ, ಮನಸ್ಸಿನ ಡಾಕ್ಟರನ್ನ ನೋಡಿ ಅಂದ್ರು."

ಲೆನ್ಸ್ ಹಿಡಿದುಕೊಂಡು ಪೆದ್ದಿಯ ಹಾಗೆ ಕೂತಿದ್ದೆ.

ಮಾರ್ಚ್ 21, ಗುರುವಾರ

ಕೈಗೆ ಕೆಲಸ ಬೇಕಿತ್ತು, ಅಷ್ಟೇ. ಕಿಡಿಯ ಮುಂದೆ ಕೂತೆ. ಮಾವ ನಡುಮನೆಯಲ್ಲಿ, ಬಾಗಿಲು ತೆರೆದಿತ್ತು. ಒತ್ತಿದೆ. ಮಾವನ ಕೈ ಕಿವಿಗೆ ಹೋಯಿತು. ಬಿಟ್ಟೆ. ಕೈ ಇಳಿಯಿತು. ಒತ್ತಿದೆ — ಹೋಯಿತು.

ಮತ್ತೊಂದು ಸಲ. ದೇವರೇ.

ಕಿವಿ ಮಿಷನ್ನು! ಅದರಲ್ಲೊಂದು ಪುಟ್ಟ ಗುಂಡಿ ಇದೆ. ಒಂದು ಕಡೆ ತಳ್ಳಿದರೆ ಮಾಮೂಲಿ, ಇನ್ನೊಂದು ಕಡೆ ಟೆಲಿಫೋನಿಗೆ, ಮಧ್ಯೆ ಬಿಟ್ಟರೆ ಎರಡೂ. ಮಾವ ಫೋನು ಮಾಡಿ ಮಧ್ಯದಲ್ಲೇ ಬಿಟ್ಟಿದ್ದಾರೆ. ಫೋನಿಗೆಂದು ಅದರೊಳಗೊಂದು ತಂತಿ ಸುರುಳಿ ಇರುತ್ತದಂತೆ. ನನ್ನ ಕಿಡಿ ನೆಟ್ಟಗೆ ಅದರೊಳಕ್ಕೆ... ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಎದ್ದು ಕುಣಿಯಬೇಕೆನಿಸಿತು — ಅಲೆ ತಲುಪಿತು! ಮರುಕ್ಷಣ ಬಟನ್ನಿನಿಂದ ಕೈ ಕಿತ್ತುಕೊಂಡೆ. ತನಗೆ ಹುಚ್ಚು ಹಿಡಿಯಿತು ಅನ್ನಿಸುವ ಮಟ್ಟಕ್ಕೆ ಇವರನ್ನು ತಂದದ್ದು ನಾನೇ. ಖುಷಿಯೋ ಸಂಕಟವೋ, ಯಾವುದು ಮೊದಲು ಬಂತು ಅಂತಲೂ ತಿಳಿಯದು.

ಮಾರ್ಚ್ 23, ಶನಿವಾರ

ಹೇಳಿದೆ. ನಂಬಲಿಲ್ಲ.

"ನನ್ನ ಸಮಾಧಾನಕ್ಕೆ ಕಥೆ ಕಟ್ಟಬೇಡ. ನಾನೇನು ರೇಡಿಯೋನಾ?"

"ಒಳಗೆ ಹೋಗಿ, ಬಾಗಿಲು ಹಾಕ್ಕೊಳ್ಳಿ. ಎಷ್ಟು ಸಲ ಕೇಳುತ್ತೋ ಕೂಗಿ ಹೇಳಿ."

ಮಿಷನ್ನಿನ ಗುಂಡಿ ಮಧ್ಯದಲ್ಲೇ ಇರಲಿ ಅಂದೆ. ಕಿಡಿಯ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಸದ್ದು ಅಡಗಿಸಿದೆ, ಕಿಡಿಯ ಶಬ್ದ ಬಾಗಿಲಾಚೆ ಕೇಳದಿರಲಿ ಅಂತ. ಒತ್ತಿದೆ.

"ಮೂರು!"

ಸರಿ. ಮತ್ತೆ ಎರಡು ಸಲ ಒತ್ತಿದೆ.

"ಎರಡು!" ದನಿ ಬೇರೆಯಾಗಿತ್ತು. ಆಮೇಲೆ ಅಳುವೋ ನಗುವೋ... ಎರಡೂ. "ಕತ್ತೆ! ಡಾಕ್ಟರ ಮುಂದೆ ನನ್ನ ಮಾನ ಕಳೆದ್ಯಲ್ಲೇ! ಒತ್ತು, ಇನ್ನೊಂದ್ಸಲ ಒತ್ತು!"

ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಎರಡು ಕೈಯೂ ಮುಖದ ಮೇಲೆ.

"ಒಂದು!" ಅಂದರು ಮಾವ.

ನಾನು ಒತ್ತಿರಲಿಲ್ಲ.

ಮಾರ್ಚ್ 24, ಭಾನುವಾರ, ಬೆಳಿಗ್ಗೆ

ನಿನ್ನೆ "ಸರಿ" ಅಂದುಬಿಟ್ಟೆ. ಅವರ ಮುಖ ಅರಳಿತ್ತು, ಬೇರೆ ಮಾತು ನಾಲಿಗೆಗೆ ಬರಲಿಲ್ಲ. ಫ್ರಿಜ್ಜಿರಬಹುದು. ಅದು ಆನ್ ಆಗುವಾಗಲೂ ಒಳಗೆ ಸಣ್ಣ ಕಿಡಿ ಹಾರುತ್ತದಂತೆ. ಎಲ್ಲ ಸ್ವಿಚ್ಚೂ ಒಂದೊಂದು ಮರಿ ಟ್ರಾನ್ಸ್‌ಮಿಟರ್ರೇ ಅಂತೆ. ಫ್ರಿಜ್ಜು ಆಗ ಆನ್ ಆಯಿತೇ? ನೆನಪಿಲ್ಲ. ಅಥವಾ ಅಜ್ಜಿಯ ಹುಳ...

ಯಾವುದೂ ಖಚಿತವಿಲ್ಲ.

ಸಂಜೆ

ಆ ಕೊನೆಯ ಸಲ ನಾನು ಒತ್ತಿರಲಿಲ್ಲ ಅಂತ ತಿಂಡಿ ಹೊತ್ತಿಗೇ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಲೋಟ ಪಕ್ಕಕ್ಕೆ ಸರಿಸಿ, "ಹಂಗಾದ್ರೆ ಇನ್ನೊಂದ್ಸಲ ನೋಡೋಣ. ಮನೆ ಪೂರ್ತಿ ಆರಿಸಿ" ಅಂದರು.

ಮೇನ್ ಸ್ವಿಚ್ ಆಫ್. ಬ್ಯಾಟರಿ ಕಳಚಿ ಟೇಬಲ್ ಮೇಲಿಟ್ಟಿದ್ದೇನೆ. ಮಾವ ಎದುರಿಗೆ, ಕಣ್ಣು ಮುಚ್ಚಿ. ಮಿಷನ್ನು ಕಿವಿಯಲ್ಲೇ. ನಾನು ಕಿಟಕಿ ಬೆಳಕಲ್ಲಿ ಇದನ್ನು ಬರೆಯುತ್ತಿದ್ದೇನೆ. ಏನಾದರೂ ಮಾಡುತ್ತಿರದಿದ್ದರೆ ಅವರ ಮುಖವನ್ನೇ ನೋಡುತ್ತ ಕೂರುತ್ತೇನೆ, ಅದು ಆಗದು.

ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದರು. ಮಾವ ಅಲುಗಲಿಲ್ಲ. ಹುಬ್ಬು ಗಂಟಿಕ್ಕಿದೆ... ಬಿಟ್ಟಿತು... ಮತ್ತೆ ಗಂಟಿಕ್ಕಿತು.

"ಏನಾದ್ರೂ ಇದೆಯಾ ಮಾವ?"

"ಇದೆ."

ನಾನು ತಲೆಯೆತ್ತಿ ನೋಡಿದೆ.

"ಅದಲ್ವೇ. ನಿನ್ನ ಪೆನ್ನು. ಕರಕರ ಅಂತ ಗೀಚ್ತಿದ್ದೀಯ. ಒಂದು ಗಳಿಗೆ ನಿಲ್ಸು, ಅದರ ಹಿಂದೆ ಏನಾದ್ರೂ ಇದೆಯೋ ಕೇಳಿ ಹೇಳ್ತೀನಿ."

ನಿಲ್ಲಿಸುತ್ತಿದ್ದೇ—