ಕೊಡುವ ಡಿಸ್ಕು, ತೆಗೆದುಕೊಳ್ಳುವ ಡಿಸ್ಕು

ಉಸ್ತಾದರೇ,

ನಾನು ಸುನಂದಾ. ನಿಮ್ಮ ಅಂಗಡಿಯ ಶಟರನ್ನು ಈಗಲೂ ನಾನೇ ಎತ್ತುತ್ತೇನೆ. ಎಡಗಡೆ ಮೊದಲಿನ ಹಾಗೇ ಸಿಕ್ಕಿಕೊಳ್ಳುತ್ತದೆ. ನೀವಾದರೆ ಕಾಲಿನಿಂದ ಒಂದು ಒದೆ ಕೊಡುತ್ತಿದ್ದಿರಿ. ನಾನು ಒದೆಯುವುದಿಲ್ಲ, ಮುರಿದುಹೋದರೆ ಅಂತ ಭಯ. ದಿನಾ ಬೆಳಿಗ್ಗೆ ಅದರ ಜೊತೆ ಗುದ್ದಾಡಿ ಬೆವರಿಕೊಂಡು ಒಳಗೆ ಬಂದು ಕೂರುತ್ತೇನೆ. ಒಂದು ಮಾತು ಹೇಳಬೇಕಿತ್ತು. ಹೇಳಬೇಕು ಹೇಳಬೇಕು ಅಂತ ಎಷ್ಟು ದಿನದಿಂದ... ಸುತ್ತಿ ಬಳಸಿ ಹೇಳುವುದಿಲ್ಲ. ನಿಮ್ಮ ಕೆಂಪು ದಾರದ ಡಿಸ್ಕನ್ನು ನಾನು ಅಳಿಸಿಬಿಟ್ಟೆ.

ನಾನು ಮೊದಲ ಸಲ ನಿಮ್ಮ ಅಂಗಡಿಗೆ ಬಂದದ್ದು ಅಪ್ಪನ ಪಹಣಿಯ ಜೆರಾಕ್ಸ್ ಮಾಡಿಸಲು. ತಾಳಗುಂದದ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಂತು ನಿಂತು ನೀವು ಬಿಚ್ಚಿಟ್ಟ ಕಂಪ್ಯೂಟರನ್ನು ನೋಡುತ್ತಿದ್ದೆ. "ನೋಡೋದಾದ್ರೆ ಕೂತ್ಕೊಂಡು ನೋಡು ಬೇಟಾ, ಕಾಲು ನೋವ್ತದೆ" ಅಂದು ಸ್ಟೂಲು ಸರಿಸಿದಿರಿ. ಅಮ್ಮನ ಕಾಯಿಲೆಯಲ್ಲಿ ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಇಂಗ್ಲಿಷ್ ಓದಲು ಬರುವುದಿಲ್ಲ ಅಂದೆ. "ಇದಕ್ಕೆ ಮಾತ್ರ ಬರ್ತದಾ? ಹೇಳಿದ್ದು ಮಾಡ್ತದೆ ಅಷ್ಟೆ. ನೀನು ಹೇಳಿದ್ದು ಮಾಡ್ತೀಯಲ್ಲ, ಸಾಕು." ಆ ಒಂದು ಮಾತಿಗೆ ನಾನು ಹನ್ನೊಂದು ವರ್ಷ ಅದೇ ಸ್ಟೂಲಿನ ಮೇಲೆ ಕೂತೆನಲ್ಲ, ನಿಮಗೆ ಗೊತ್ತಿತ್ತಾ ಹೀಗಾಗುತ್ತದೆ ಅಂತ?

ಇಟ್ಟಿಗೆ ಅಚ್ಚಿನ ಲೆಕ್ಕದಲ್ಲಿ ನೀವು ನನಗೆ ಕೆಲಸ ತಿಳಿಸಿದ್ದು ನೆನಪಿದೆ. ಯಾವುದಾದರೂ ಆಫೀಸಿಗೆ ಇಪ್ಪತ್ತು ಕಂಪ್ಯೂಟರ್ ಬಂದರೆ ಇಪ್ಪತ್ತಕ್ಕೂ ಒಂದೊಂದಾಗಿ ಮೆಷಿನ್ ನಡೆಸುವ ಓಎಸ್ ಹಾಕಿ, ಕನ್ನಡ ಟೈಪಿಂಗ್ ಹಾಕಿ, ಪ್ರಿಂಟರ್ ಹಾಕಿ ಕೂರುವುದಲ್ಲ. ಒಂದಕ್ಕೆ ಎಲ್ಲವನ್ನೂ ಸರಿಯಾಗಿ ಹಾಕಿ, ಆ ಮೆಷಿನ್ನಿನ ಹೆಸರು ಗುರುತು ಎಲ್ಲ ತೆಗೆದು, ಅದರ ಅಚ್ಚನ್ನು ಒಂದು ಡಿಸ್ಕಿಗೆ ಇಳಿಸಿಕೊಳ್ಳುವುದು. ಆಮೇಲೆ ಆ ಅಚ್ಚಿನಿಂದ ಉಳಿದವು. "ಅಚ್ಚು ಸೊಟ್ಟ ಇದ್ರೆ ಇಪ್ಪತ್ತೂ ಸೊಟ್ಟ" ಅನ್ನುತ್ತಿದ್ದಿರಿ. ಹಾಕಿ ಮುಗಿದ ಪ್ರತಿ ಮೆಷಿನ್ನಿನಲ್ಲೂ ನೀವು ಒಂದೇ ಸಾಲು ಟೈಪ್ ಮಾಡಿ ಪ್ರಿಂಟ್ ತೆಗೆಯುತ್ತಿದ್ದಿರಿ: ಚಹಾ ಬಂತು, ಬಿಸ್ಕತ್ತು ಬರಲಿಲ್ಲ. ಎಷ್ಟೋ ಆಫೀಸಿನವರು ಅದನ್ನು ಓದಿ ನಾಚಿ ಬಿಸ್ಕತ್ತು ತರಿಸಿದ್ದಾರೆ. ಆ ಅಚ್ಚಿನ ಡಿಸ್ಕಿಗೇ ಅಲ್ಲವೇ ನೀವು ನಿಮ್ಮ ಹೆಂಡತಿ ಜುಬೇದಮ್ಮನ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತಂದು ಕಟ್ಟಿದ್ದು?

ದಾರ ಕಟ್ಟಿದ ದಿನ, ಅಂಗಡಿಗೆ ಸೇರಿ ವಾರವೂ ಆಗಿರದ ನಾನು ದೊಡ್ಡ ಜಾಣೆಯ ಹಾಗೆ, "ಇನ್ನು ತಪ್ಪೋದೇ ಇಲ್ಲ ಬಿಡಿ ಉಸ್ತಾದ್" ಅಂದೆ. ನೀವು ನಗಲಿಲ್ಲ. "ದಾರ ಕೈಗೆ ಕಾಣ್ತದೆ, ಸ್ಕ್ರೀನ್ ಮೇಲೆ ಕಾಣಲ್ಲ. ಅಲ್ಲಿ ಬರೀ ಸೊನ್ನೆ ನಂಬರಿನ ಡಿಸ್ಕು, ಒಂದನೇ ನಂಬರಿನ ಡಿಸ್ಕು. ಉಲ್ಟಾ ಒತ್ತಿದ್ರೆ ಖಾಲಿ ಡಿಸ್ಕು ಹೋಗಿ ತುಂಬಿದ್ದರ ಮೇಲೆ ಕೂತ್ಕೊಳ್ತದೆ. ಅದಕ್ಕೇ ಬಾಯಿಬಿಟ್ಟು ಹೇಳ್ಬೇಕು." ಅವತ್ತಿನಿಂದ ಅದು ನಮ್ಮ ಅಂಗಡಿಯ ಪದ್ಧತಿಯಾಯಿತು. ಒತ್ತುವವರು ಜೋರಾಗಿ ಹೇಳಬೇಕು: "ಇದು ಕೊಡೋದು, ಇದು ತಗೊಳ್ಳೋದು." ಇನ್ನೊಬ್ಬರು ಬಂದು ಸ್ಕ್ರೀನ್ ನೋಡಿ "ಹೌದು" ಅನ್ನಬೇಕು. ಹೌದು ಬರುವವರೆಗೆ ಕೈ ಮಡಿಲಲ್ಲಿ. ಶುಕ್ರವಾರ ಮಧ್ಯಾಹ್ನ ನೀವು ನಮಾಜಿಗೆ ಹೋದಾಗ ನಾನು ಡಿಸ್ಕು ಮುಟ್ಟುವ ಹಾಗಿರಲಿಲ್ಲ. ಎರಡು ಗಂಟೆಗೆ ಟೋಪಿ ಮಡಿಸಿ ಜೇಬಿಗಿಡುತ್ತಾ ಬರುತ್ತಿದ್ದಿರಿ. "ಹೂಂ, ಹೇಳು."

ಸೊರಬದಿಂದ ಫೋನ್ ಬಂದದ್ದು ನೀವು ಹೋದ ಎಂಟನೇ ತಿಂಗಳಿಗೆ. ಅಲ್ಲೊಂದು ವಿದ್ಯಾಸಂಸ್ಥೆಗೆ ಕಂಪ್ಯೂಟರುಗಳು ಬಂದಿವೆಯಂತೆ, ನೋಡಿಕೊಳ್ಳಲು ಇಬ್ಬರನ್ನು ತೆಗೆದುಕೊಂಡಿದ್ದಾರಂತೆ, ಉಸ್ತಾದರು ಬಂದು ಆ ಇಬ್ಬರಿಗೆ ಕೆಲಸ ಕಲಿಸಿಕೊಡಬೇಕಂತೆ. ನೀವು ತೀರಿಕೊಂಡಿದ್ದು ಹೇಳಿದೆ. ಅತ್ತಲಿನವರು ಅಯ್ಯೋ ಅಂದರು. ಆಮೇಲೆ "ಹಂಗಾರೆ ನೀವೇ ಬನ್ನಿ" ಅಂದರು. ನಾನು! ಕಲಿಸುವುದು! ಸ್ಕ್ರೀನಿನ ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡು "ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ" ಅಂತ ನೋಟ್‌ಬುಕ್ ನೋಡಿ ಒತ್ತುವವಳು. ಆದರೂ ಹೂಂ ಅಂದೆ. ನಿಮ್ಮ ಅಚ್ಚು ಇದೆಯಲ್ಲ, ಅದನ್ನು ಹಾಕಿ ತೋರಿಸಿದರೆ ಆಯಿತು ಅನ್ನುವ ಧೈರ್ಯ. ಬಸ್ಸಿನಲ್ಲಿ ಒಯ್ಯುವಾಗ ಆ ಡಿಸ್ಕು ಬಿದ್ದರೆ, ಯಾರಾದರೂ ಎಗರಿಸಿದರೆ, ಬಿಸಿಲಿಗೆ ಕೆಟ್ಟರೆ ಅಂತ ನಿದ್ದೆ ಬರಲಿಲ್ಲ. ಇನ್ನೊಂದು ಪ್ರತಿ ಮಾಡಿಟ್ಟು ಹೋಗೋಣ ಅನ್ನಿಸಿತು. ಕಾಪಾಡಲಿಕ್ಕೆ ಹೋಗಿಯೇ, ಉಸ್ತಾದರೇ...

ಅವತ್ತು ಶುಕ್ರವಾರ. ಎರಡೂ ಡಿಸ್ಕು ಸಿಕ್ಕಿಸಿದೆ. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು. ಆಮೇಲೆ ಸುಮ್ಮನೆ ಕೂತೆ. ಯಾಕೆ ಕೂತಿದ್ದೇನೆ ಅಂತ ನನಗೇ ಹೊಳೆಯಲಿಲ್ಲ. ಗಡಿಯಾರ ಎರಡಾಯಿತು, ಎರಡೂಕಾಲಾಯಿತು. ನಾನು ಬಾಗಿಲ ಕಡೆ ನೋಡುತ್ತಾ ಕೂತಿದ್ದೇನೆ, ನೀವು ನಮಾಜು ಮುಗಿಸಿ ಬರಲಿ ಅಂತ. ಬರುವುದಿಲ್ಲ ಅಂತ ಹೊಳೆದಾಗ ಏನೋ ನಾಚಿಕೆ, ಏನೋ ಸಿಟ್ಟು. ಬಾಯಿ ತೆರೆಯಲೇ ಇಲ್ಲ ನಾನು. ಯಾರಿಗೆ ಅಂತ ಹೇಳಲಿ? ಒತ್ತಿಬಿಟ್ಟೆ. ಮುಗಿದ ಮೇಲೆ ನೋಡಿದರೆ ಎರಡು ಡಿಸ್ಕೂ ಖಾಲಿ. ಕೆಂಪು ದಾರ ಕಟ್ಟಿದ್ದ ಹಾಗೇ ಇತ್ತು.

ಜುಬೇದಮ್ಮನಿಗೆ ನಾಲ್ಕು ದಿನ ಹೇಳಲಿಲ್ಲ. ಅಂಗಡಿಯ ಹಿಂದಿನ ಬಾಗಿಲಿಂದ ಅವರು ಚಹಾ ತಂದಿಟ್ಟರೆ ತಲೆ ತಗ್ಗಿಸಿ ಕುಡಿಯುತ್ತಿದ್ದೆ. ಐದನೇ ದಿನ ಅವರೇ ಎದುರಿಗೆ ಕೂತರು. "ಯಾಕವ್ವ, ಮುಖ ಹಿಂಗೈತೆ? ಸೊರಬಕ್ಕೆ ಹೋಗೋದು ಬಿಟ್ಟು ನೆಲ ನೋಡ್ಕೊಂಡು ಕುಂತೀಯಲ್ಲ." ಹೇಳಿದೆ. ಅಳುತ್ತಾ ಹೇಳಿದೆ. ಉಸ್ತಾದರು ಬಿಟ್ಟುಹೋದದ್ದು ಅದೊಂದೇ ಇತ್ತು, ಅದನ್ನೂ ಅಳಿಸಿದೆ, ನಾನು ಸೊರಬಕ್ಕೆ ಹೋಗುವುದಿಲ್ಲ, ಯಾರಿಗೂ ಏನೂ ಕಲಿಸುವುದಿಲ್ಲ ಅಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು!

"ಅಯ್ಯೋ ನನ್ನವ್ವ, ನಿಮ್ಮ ಉಸ್ತಾದ್ ಎರಡು ಸಲ ಅಳಿಸ್ಯಾರೆ! ನಿಂಗೆ ಹೇಳೇ ಇಲ್ಲೇನು? ಎರಡನೇ ಸಲಕ್ಕೆ ಮೂರು ದಿನ ಉಣ್ಣಲಿಲ್ಲ ಆ ಮನುಷ್ಯ. ಆಮೇಲೇ ನನ್ನ ಡಬ್ಬಿಯಾಗಿನ ದಾರ ಕದ್ದಿದ್ದು."

ಯಾಕೆ ಹೇಳಲಿಲ್ಲ ಉಸ್ತಾದರೇ? ಹನ್ನೊಂದು ವರ್ಷ ನಾನು ತಪ್ಪು ಮಾಡುವವಳು, ನೀವು ಮಾಡದವರು ಅಂದುಕೊಂಡೇ ಕೂತಿದ್ದೆನಲ್ಲ. ನಿಮಗೆ ನನ್ನೆದುರು ಸಂಕೋಚವೇ? ಹೇಳಿದ್ದರೆ ನನ್ನ ಅರ್ಧ ಹೆದರಿಕೆ ಅವತ್ತೇ... ಹೋಗಲಿ. ಜುಬೇದಮ್ಮ ಅಡುಗೆಮನೆಗೆ ಹೋಗಿ ಬೇಳೆ ಡಬ್ಬದ ಕೆಳಗೆ ಹಾಸಿದ್ದ ಹಾಳೆಯೊಂದನ್ನು ತಂದು ಕೈಗಿಟ್ಟರು. ಎಣ್ಣೆ ಹಿಡಿದು ಹಳದಿಯಾಗಿತ್ತು. ಚಹಾ ಬಂತು, ಬಿಸ್ಕತ್ತು ಬರಲಿಲ್ಲ. "ಶೆಲ್ಫಿನ ತುಂಬಾ ಇದೇ ಹಾಸೀನಿ. ಎಲ್ಲಿ ಹೋಗ್ತಾರೆ ಅವರು? ನಡೀ, ಬಸ್ ಹತ್ತು."

ಸೊರಬದಲ್ಲಿ ಇಬ್ಬರು ಕಾದಿದ್ದರು. ರೇಷ್ಮಾ ಡಿಪ್ಲೊಮಾ ಮಾಡಿದವಳು, ಇಂಗ್ಲಿಷ್ ನೀರು ಕುಡಿದ ಹಾಗೆ ಓದುತ್ತಾಳೆ. ಚಂದ್ರಪ್ಪನವರು ನನಗಿಂತ ಹತ್ತು ವರ್ಷ ದೊಡ್ಡವರು, ಮೊದಲು ಪಂಪ್‌ಸೆಟ್ಟಿನ ಸುಟ್ಟ ಮೋಟರಿಗೆ ತಂತಿ ಸುತ್ತುತ್ತಿದ್ದವರು. ನನ್ನ ನೋಟ್‌ಬುಕ್ ಮೇಜಿನ ಮೇಲಿಡಲು ನಾಚಿಕೆಯಾಗಿ ಬ್ಯಾಗಿನೊಳಗೇ ಹಿಡಿದುಕೊಂಡಿದ್ದೆ. ಏನು ಹೇಳಿ ಶುರುಮಾಡಲಿ? ಬಾಯಿಗೆ ಬಂದದ್ದನ್ನು ಹೇಳಿದೆ: "ತಂದು ತೋರಿಸೋಕೆ ನನ್ನ ಹತ್ರ ಅಚ್ಚಿಲ್ಲ. ಇತ್ತು. ಹೋದ ವಾರ ಉಲ್ಟಾ ಒತ್ತಿ ಅಳಿಸಿಬಿಟ್ಟೆ." ರೇಷ್ಮಾ ಕಣ್ಣರಳಿಸಿದಳು. ಚಂದ್ರಪ್ಪನವರು, "ಹೌದಾ ಮಾರಾಯ್ರೆ? ನಾನೊಂದು ಸಲ ಉಲ್ಟಾ ಸುತ್ತಿ ಊರಿನ ನೀರೇ ನಿಲ್ಸಿದ್ದೆ. ಹೆದರ್ಬೇಡಿ, ಕೂತ್ಕಳಿ" ಅಂದರು. ಕಲಿಸಲು ಹೋದವಳಿಗೆ ಅವರೇ ಕುರ್ಚಿ ಎಳೆದುಕೊಟ್ಟರು ನೋಡಿ.

ಬರಿ ಮೆಷಿನ್ನಿನಿಂದ ಶುರುಮಾಡಿದೆವು. ರೇಷ್ಮಾ ಸ್ಕ್ರೀನ್ ಓದಿದಳು, ನಾನು ನೋಟ್‌ಬುಕ್ ತೆಗೆದು ಯಾವುದರ ನಂತರ ಯಾವುದು ಅಂತ ಹೇಳಿದೆ, ಚಂದ್ರಪ್ಪನವರು ಒತ್ತಿದರು. ಎರಡು ದಿನ ಹಿಡಿಯಿತು. ಮೊದಲ ಸಲ ಮೆಷಿನ್ನಿನ ಹೆಸರು ತೆಗೆಯಲು ಮರೆತು ಮತ್ತೆ ಮಾಡಿದೆವು. ಕೊನೆಗೆ ಅಚ್ಚು ಇಳಿಸಿ, ಅದರ ಇನ್ನೊಂದು ಪ್ರತಿ ತೆಗೆಯುವ ಹೊತ್ತಿಗೆ ಜೋರಾಗಿ ಹೇಳಿ ಹೌದು ಅನ್ನಿಸಿಕೊಳ್ಳುವ ನಮ್ಮ ಪದ್ಧತಿಯನ್ನು ಇಬ್ಬರಿಗೂ ತಿಳಿಸಿದೆ. ಅದೇ ಸೊನ್ನೆ, ಅದೇ ಒಂದು. ಚಂದ್ರಪ್ಪನವರು ಕೇಳಿದರು, "ಒಬ್ಬರೇ ಇದ್ದಾಗ ಎಂತ ಮಾಡೂದು ಮೇಡಂ? ಯಾರಿಗೆ ಹೇಳೂದು?"

ಆ ಶುಕ್ರವಾರ ನಾನೂ ಅದನ್ನೇ ಕೇಳಿಕೊಂಡಿದ್ದೆ. ಅವತ್ತು ಉತ್ತರ ಹೊಳೆದಿದ್ದರೆ ನಿಮ್ಮ ಡಿಸ್ಕು ಉಳಿಯುತ್ತಿತ್ತು. "ಇವತ್ತು ನಾವು ಮೂವರಿದ್ದೀವಲ್ಲ" ಅಂದೆ, ಅಷ್ಟೆ. ಅವರು ಜೋರಾಗಿ ಹೇಳಿದರು, ಇಬ್ಬರೂ ಬಗ್ಗಿ ನೋಡಿ ಹೌದು ಅಂದೆವು. ಎಲ್ಲಾ ಮೆಷಿನ್ನುಗಳಿಗೆ ಇಳಿಸಿ ಮುಗಿದ ಮೇಲೆ ನಾನು ನಿಮ್ಮ ಸಾಲು ಟೈಪ್ ಮಾಡಲು ಹೊರಟೆ. ರೇಷ್ಮಾ ತಡೆದಳು. "ಅಕ್ಕಾ, ಸುಳ್ಳು ಬರೀಬೇಡಿ. ತಟ್ಟೆ ನೋಡಿ." ಬಿಸ್ಕತ್ತು ಬಂದಿತ್ತು ಉಸ್ತಾದರೇ, ಕೇಳದೇ ಬಂದಿತ್ತು. ಹಾಗಂತಲೇ ಬರೆದು ಪ್ರಿಂಟ್ ತೆಗೆದೆವು. ಹಾಳೆಯನ್ನು ಜುಬೇದಮ್ಮನಿಗೆ ಕೊಟ್ಟೆ. ಅದನ್ನು ಮಾತ್ರ ಅವರು ಶೆಲ್ಫಿಗೆ ಹಾಸಲಿಲ್ಲ.

ಈಗ ಮತ್ತೆ ಒಬ್ಬಳೇ. ಸೊರಬದ ಅಚ್ಚಿನ ಒಂದು ಪ್ರತಿ ಇಲ್ಲೂ ಇದೆ, ನಿಮ್ಮದೇ ದಾರ ಬಿಚ್ಚಿ ಅದಕ್ಕೆ ಕಟ್ಟಿದ್ದೇನೆ. ಹೋದ ಶುಕ್ರವಾರ ಒಂದು ಕೆಲಸಕ್ಕೆ ಅದನ್ನು ಸಿಕ್ಕಿಸಿ ಕೂತಾಗ ಚಂದ್ರಪ್ಪನವರ ಪ್ರಶ್ನೆ ನೆನಪಾಯಿತು. ನಾಚಿಕೆ ಬಿಟ್ಟು ಖಾಲಿ ಅಂಗಡಿಯಲ್ಲಿ ಜೋರಾಗಿ ಹೇಳಿದೆ: "ಇದು ಕೊಡೋದು, ಇದು ತಗೊಳ್ಳೋದು." ಗೋಡೆಯ ಆಚೆಯಿಂದ, ಒಗ್ಗರಣೆಯ ಸದ್ದಿನ ನಡುವೆ, ಜುಬೇದಮ್ಮನ ದನಿ ಬಂತು: "ಹೌದವ್ವ."

ಅವರು ಸ್ಕ್ರೀನ್ ನೋಡಿರಲಿಲ್ಲ. ನೋಡಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಅದು ಗೊತ್ತಿದ್ದೇ ನಾನು ಇನ್ನೊಮ್ಮೆ ನಂಬರು ನೋಡಿದೆ. ಉಲ್ಟಾ ಇತ್ತು ಉಸ್ತಾದರೇ. ಸರಿಮಾಡಿ, ಮತ್ತೆ ಹೇಳಿ, ಆಮೇಲೆ ಒತ್ತಿದೆ.

ಮುಂದೆ ಯಾರು ಆ ಸ್ಟೂಲಿನ ಮೇಲೆ ಬಂದು ಕೂತರೂ ಮೊದಲ ದಿನವೇ ಹೇಳುತ್ತೇನೆ, ಮಾತು ಕೊಡುತ್ತೇನೆ: ನಾನು ಒಂದು ಸಲ ಅಳಿಸಿದ್ದೇನೆ, ನನ್ನ ಉಸ್ತಾದರು ಎರಡು ಸಲ. ನೀವು ಬೇಸರ ಮಾಡಿಕೊಳ್ಳಬಾರದು.

ನಿಮ್ಮ ಸ್ಟೂಲಿನವಳು,
ಸುನಂದಾ