ಶುಕ್ರವಾರದ ಭಜನೆಗೆ ಅಶ್ವಿತಾಳ ಕಾನೂನು

ತ್ರಿಪ್ಲಿಕೇನ್, ಚೆನ್ನೈ
೧೬ ನವೆಂಬರ್ ೨೦೨೫

ಪ್ರೀತಿಯ ಅತ್ತೆಗೆ,

ಕುಂದಾಪುರದಲ್ಲಿ ನಿಮ್ಮ ಮಂಡಿನೋವು ಹೇಗಿದೆ? ಮಗಳು ಪ್ರಣಮ್ಯಾಳ ಬಾಣಂತನವೆಂದು ದಿನವಿಡೀ ನಿಂತೇ ಇರಬೇಡಿ. ಮಗುವಿಗೆ ನನ್ನದೊಂದು ಮುತ್ತು ಕೊಡಿ. ಇಲ್ಲಿ ನಿಮ್ಮ ಮಗ, ಹೋಟೆಲು ಎಲ್ಲ ಸುಖ. ನಾನು ಮಾತ್ರ ಸುಖವಾಗಿಲ್ಲ. ಫೋನಿನಲ್ಲಿ ನೀವು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ಹೋಗುವಾಗ ಶುಕ್ರವಾರದ ಭಜನೆಯನ್ನು "ಇನ್ನ್ ನೀನೇ ಕಾಣ್ಕೋ ಮಾರಾಯ್ತಿ" ಎಂದು ಒಪ್ಪಿಸಿ ಹೋದಿರಿ. ಮುಂದಿನ ವಾರ ಯಾರ ಮನೆ, ಮೊದಲು ಹಾಡುವವರು ಯಾರು ಎಂದು ಮನೆಮನೆಗೂ ಫೋನ್ ಮಾಡಿ ನನ್ನ ಗಂಟಲು ಒಣಗುತ್ತಿತ್ತು. ಒಬ್ಬರು ಗೋಳಿಬಜೆ ಮಾಡಿದರೆ ಇನ್ನೊಬ್ಬರು ಹೋಳಿಗೆ ಮಾಡಿ ಮೆರೆಯುವುದು, ಅದು ಕೈಲಾಗದವರು ಬರುವುದನ್ನೇ ಬಿಡುವುದು. ಆಗ ಮೇಲಿನ ಮಹಡಿಯ ಅಶ್ವಿತಾ, ಅದೇ, ಶೋಳಿಂಗನಲ್ಲೂರಿನ ಆಫೀಸಿಗೆ ಹೋಗುವ ಹೊಸ ಮದುಮಗಳು, ಬಾಯಿ ಹಾಕಿದಳು. "ರತ್ನಕ್ಕ, ಮೂರೇ ರೂಲ್ಸ್ ಸಾಕು" ಎಂದಳು. ಯಾರ ಮನೆಯೋ ಅವರೇ ಮೊದಲು ಹಾಡಬೇಕು. ಪ್ರಸಾದಕ್ಕೆ ಪಂಚಕಜ್ಜಾಯ ಮಾತ್ರ. ಹಾಡಿಗೊಬ್ಬರಂತೆ ಕೈ ಬದಲಾಗುವ ತಾಳ ಮಂಗಳದ ಹೊತ್ತಿಗೆ ಯಾರ ಬಳಿ ಇರುತ್ತದೋ, ಮುಂದಿನ ವಾರ ಅವರ ಮನೆ. ಎಲ್ಲರೂ ಒಪ್ಪಿಯೇಬಿಟ್ಟರು.

ಬರುವುದನ್ನು ಬಿಟ್ಟಿದ್ದವರೂ ಈಗ ಬರುತ್ತಿದ್ದಾರೆ, ಕೂರಲು ಜಾಗ ಸಾಲದು. ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಸಂತೋಷಪಡಬೇಕಿತ್ತು, ಆದರೆ ಅತ್ತೆ, ಹೊಟ್ಟೆ ಉರಿಯುತ್ತದೆ. ಅವಳಿಗೆ ನೆಟ್ಟಗೆ ಒಂದು ದೇವರನಾಮ ಬರುವುದಿಲ್ಲ! ಅದಾದರೂ ಇರಲಿ. ನೀವು ಅವಳಿಗೆ ಫೋನ್ ಮಾಡಿ "ಲಾಯ್ಕಾಯ್ತ್ ಮಗಾ" ಎಂದು ಹೊಗಳಿದಿರಂತೆ. ಮಹಡಿ ಮಹಡಿಗೂ ಸಾರಿಕೊಂಡು ಬಂದಳು. ನಾನು ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ನನಗೆ ಒಮ್ಮೆಯಾದರೂ ಹಾಗೆ ಹೇಳಿದ್ದೀರಾ? ಸಾರಿಗೆ ಉಪ್ಪು ಹೆಚ್ಚಾದರೆ ಹೇಳುತ್ತೀರಿ, ಸರಿಯಾಗಿದ್ದರೆ ಸುಮ್ಮನೆ ಉಂಡು ಏಳುತ್ತೀರಿ.

ಮೊನ್ನೆ ತಾಳ ನನ್ನ ಕೈಯಲ್ಲೇ ನಿಂತಿತು. ಅವಳು ಚಪ್ಪಾಳೆ ಬೇರೆ ತಟ್ಟಿದಳು, ಹಾಳಾದವಳು.

ಪ್ರಣಮ್ಯಾಳಿಗೆ ನನ್ನ ನೆನಪು ಹೇಳಿ. ಆಶೀರ್ವಾದ ಮಾಡುವಾಗ ಮೊದಲು ನನ್ನನ್ನು ನೆನೆಯಿರಿ.

ನಿಮ್ಮ ಸೊಸೆ,
ರತ್ನಾವತಿ

ಮರೆತಿದ್ದೆ: ಬರುವ ಶುಕ್ರವಾರ ನಾನೇ ಮೊದಲು ಹಾಡಬೇಕು. ನೀವು ಅಡಿಗೆಮನೆಯಲ್ಲಿ ಗುನುಗುತ್ತಿದ್ದುದನ್ನೇ ಹಾಡುತ್ತೇನೆ. ನಿಮಗೆ ಕರೆ ಮಾಡಿ ಫೋನನ್ನು ದೇವರ ಮುಂದೆ ಇಟ್ಟುಬಿಡುತ್ತೇನೆ, ಕೇಳಿ. ತಪ್ಪಿದರೆ ಎಷ್ಟು ಬೇಕಾದರೂ ಬೈಯಿರಿ. ಚೆನ್ನಾಗಿದ್ದರೆ ಅಶ್ವಿತಾಳ ಹತ್ತಿರ ಹೇಳಬೇಡಿ, ನನಗೇ ಹೇಳಿ.